ದೇಶ ಒಡೆಯುತ್ತಿದ್ದಾಗ ಕಪ್ ಗೆದ್ದ ತಂಡ: 1990-91ರ ಯುರೋಪಿಯನ್ ಕಪ್

ಈ ಸಲದ ಮಾತು ಫುಟ್‌ಬಾಲ್ ಬಗ್ಗೆ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಲ್ಲಿ ನಿಂತುಕೊಂಡೇ ಓದೋರಿಗೆ ಅಂತ ಆಡಿದ ಮಾತನ್ನೇ ಒಂದಿಷ್ಟು ಒಪ್ಪ ಮಾಡಿ ಇಲ್ಲಿ ಹಾಕಿದ್ದೇವೆ.

ಈಗ ಚಾಂಪಿಯನ್ಸ್ ಲೀಗ್ ಅಂದ ತಕ್ಷಣ ನಮಗೆ ಹೊಳೆಯೋದು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಮ್ಯಾಂಚೆಸ್ಟರ್ ಸಿಟಿ, ಬಯರ್ನ್. ಸರ್ಬಿಯಾದ ರೆಡ್ ಸ್ಟಾರ್ ಬೆಲ್‌ಗ್ರೇಡ್ ಅನ್ನೋ ತಂಡ ಆಗೊಮ್ಮೆ ಈಗೊಮ್ಮೆ ಬಂದು, ನಾಲ್ಕೈದು ಗೋಲು ತಿಂದು ಹೋಗೋದನ್ನ ನೀವು ನೋಡಿರಬಹುದು. ಆದರೆ 1991ರ ಮೇ 29ರಂದು ಇದೇ ತಂಡ ಯುರೋಪಿನ ಚಾಂಪಿಯನ್ ಆಗಿತ್ತು. ಆಮೇಲೆ ಪೂರ್ವ ಯುರೋಪಿನ ಒಂದು ತಂಡವೂ ಆ ಕಪ್ ಎತ್ತಿಲ್ಲ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ, ಕಪ್ ಗೆದ್ದು ನಾಲ್ಕು ವಾರ ಕಳೆಯೋದ್ರೊಳಗೆ ಆ ತಂಡದ ದೇಶವೇ ಒಡೆಯೋಕೆ ಶುರುವಾಯ್ತು. ಆ ಒಂದು ಸೀಸನ್ ಹೇಗೆ ನಡೀತು, ಅಂಥ ತಂಡ ಹೇಗೆ ತಯಾರಾಯ್ತು, ಗೆದ್ದ ಮೇಲೆ ಏನಾಯ್ತು, ಇದಿಷ್ಟನ್ನ ಇವತ್ತು ನೋಡೋಣ.

ಮೊದಲು ಟೂರ್ನಿ ಹೇಗಿತ್ತು ಅಂತ ಹೇಳಿಬಿಡ್ತೇನೆ. ಆಗಿನ್ನೂ ಅದಕ್ಕೆ ಚಾಂಪಿಯನ್ಸ್ ಲೀಗ್ ಅನ್ನೋ ಹೆಸರಿರಲಿಲ್ಲ, ಯುರೋಪಿಯನ್ ಕಪ್ ಅಂತಿದ್ರು. ಹೆಸರಿಗೆ ತಕ್ಕ ಹಾಗೆ ಆಯಾ ದೇಶದ ಲೀಗ್ ಗೆದ್ದ ತಂಡಗಳು ಮತ್ತು ಹಿಂದಿನ ವರ್ಷ ಕಪ್ ಗೆದ್ದ ತಂಡ, ಇಷ್ಟಕ್ಕೇ ಪ್ರವೇಶ. ನಾಲ್ಕನೇ ಸ್ಥಾನ ಬಂದವರಿಗೂ ಟಿಕೆಟ್ ಅನ್ನೋ ಈಗಿನ ಪದ್ಧತಿ ಇಲ್ಲ. ಗ್ರೂಪ್ ಹಂತವೂ ಇಲ್ಲ. ನಿಮ್ಮೂರಲ್ಲಿ ಒಂದು ಪಂದ್ಯ, ಅವರೂರಲ್ಲಿ ಒಂದು ಪಂದ್ಯ. ಎರಡರ ಗೋಲು ಕೂಡಿಸಿ ನೋಡೋದು, ಸಮ ಆದ್ರೆ ಪರವೂರಲ್ಲಿ ಹೊಡೆದ ಗೋಲಿಗೆ ತೂಕ ಜಾಸ್ತಿ. ಸೋತವರು ಮನೆಗೆ. ಮುಂದಿನ ವರ್ಷ, ಅಂದ್ರೆ 1991-92ರಲ್ಲಿ, ಗ್ರೂಪ್ ಹಂತ ಬಂತು. 1992-93ರಲ್ಲಿ ಹೆಸರೂ ಬದಲಾಯ್ತು. ಹಾಗಾಗಿ ಪೂರ್ತಿ ನಾಕೌಟ್ ಆಗಿ ನಡೆದ ಕೊನೇ ಯುರೋಪಿಯನ್ ಕಪ್ ಇದು.

ಇಂಗ್ಲೆಂಡಿನಿಂದ ಆ ವರ್ಷ ಯಾರೂ ಇರಲಿಲ್ಲ. 1985ರ ಹೇಸೆಲ್ ದುರಂತದ ನಂತರ ಇಂಗ್ಲಿಷ್ ಕ್ಲಬ್‌ಗಳಿಗೆ ಹಾಕಿದ್ದ ನಿಷೇಧ 1990ರಲ್ಲಿ ತೆರವಾಯ್ತು. ಆದರೆ ಲಿವರ್‌ಪೂಲ್‌ಗೆ ಮಾತ್ರ ಇನ್ನೊಂದು ವರ್ಷ ಶಿಕ್ಷೆ ಬಾಕಿ ಇತ್ತು, ಆ ವರ್ಷದ ಇಂಗ್ಲಿಷ್ ಚಾಂಪಿಯನ್ ಲಿವರ್‌ಪೂಲೇ!

ಇನ್ನು ಯುಗೊಸ್ಲಾವಿಯಾ. ಆರು ಗಣರಾಜ್ಯಗಳನ್ನು ಸೇರಿಸಿ ಕಟ್ಟಿದ್ದ ದೇಶ: ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾ, ಮೊಂಟೆನೆಗ್ರೊ. ಜನಸಂಖ್ಯೆ ಸುಮಾರು 2.3 ಕೋಟಿ. ಅಷ್ಟು ಸಣ್ಣ ದೇಶಕ್ಕೆ ಅಷ್ಟೊಂದು ಫುಟ್‌ಬಾಲ್ ಪ್ರತಿಭೆ ಎಲ್ಲಿಂದ ಬರ್ತಿತ್ತು ಅನ್ನೋದೇ ಒಂದು ಆಶ್ಚರ್ಯ. 1987ರಲ್ಲಿ ಚಿಲಿಯಲ್ಲಿ ನಡೆದ ಯುವ ವಿಶ್ವಕಪ್ ಗೆದ್ದ ಯುಗೊಸ್ಲಾವ್ ಹುಡುಗರ ಪಟ್ಟಿ ನೋಡಿ: ಪ್ರೊಸಿನೆಚ್ಕಿ, ಬೊಬಾನ್, ಶುಕೆರ್, ಮಿಯಾಟೊವಿಚ್, ಯಾರ್ನಿ, ಸ್ಟಿಮಾಕ್. ಈ ಕೊನೇ ಹೆಸರನ್ನ ನೆನಪಿಟ್ಟುಕೊಳ್ಳಿ, ಅವರು ಮುಂದೆ ನಮ್ಮ ಬೆಂಗಳೂರಿನವರೆಗೂ ಬರ್ತಾರೆ.

ರೆಡ್ ಸ್ಟಾರ್ ಕ್ಲಬ್ಬಿನ ಆಡಳಿತದಲ್ಲಿ ಆಗ ಇದ್ದದ್ದು ದ್ರಾಗಾನ್ ಜಾಯಿಚ್, ಅರವತ್ತು-ಎಪ್ಪತ್ತರ ದಶಕದ ದೊಡ್ಡ ಆಟಗಾರ. 1986ರ ಹೊತ್ತಿಗೆ ಅವರು ಮತ್ತು ಅವರ ಜೊತೆಗಾರರು ಒಂದು ಐದು ವರ್ಷದ ಯೋಜನೆ ಹಾಕಿದ್ರು. ಕಮ್ಯುನಿಸ್ಟ್ ದೇಶ ಅಲ್ವಾ, ಪಂಚವಾರ್ಷಿಕ ಯೋಜನೆ ಅನ್ನೋದು ರೂಢಿಯಲ್ಲೇ ಇತ್ತು. ಗುರಿ ಒಂದೇ, ಯುರೋಪಿಯನ್ ಕಪ್. ದಾರಿಯೂ ಸರಳ: ದೇಶದ ಮೂಲೆ ಮೂಲೆಯಿಂದ ಒಳ್ಳೊಳ್ಳೆ ಹುಡುಗರನ್ನ ಕರೆತರೋದು.

ರಾಬರ್ಟ್ ಪ್ರೊಸಿನೆಚ್ಕಿ 1987ರಲ್ಲಿ ಬಂದ. ಹುಟ್ಟಿದ್ದು ಜರ್ಮನಿಯಲ್ಲಿ, ಅಪ್ಪ ಕ್ರೊಯೇಷಿಯಾದವರು, ಅಮ್ಮ ಸರ್ಬ್. ಬೆಳೆದದ್ದು ಡೈನಾಮೊ ಜಾಗ್ರೆಬ್‌ನಲ್ಲಿ. ಅಲ್ಲಿನ ಕೋಚ್ ಚಿರೊ ಬ್ಲಾಜೆವಿಚ್ ಈ ಹುಡುಗನಿಗೆ ಕಾಂಟ್ರ್ಯಾಕ್ಟ್ ಕೊಡೋಕೆ ಒಪ್ಪಲಿಲ್ಲ. ಇವನು ಆಟಗಾರ ಆದ್ರೆ ನನ್ನ ಕೋಚಿಂಗ್ ಡಿಪ್ಲೊಮಾವನ್ನೇ ತಿಂತೀನಿ ಅಂದಿದ್ರು ಅನ್ನೋ ಕತೆ ಆ ಕಡೆ ಮನೆಮಾತು. 1988ರಲ್ಲಿ ಮೊಂಟೆನೆಗ್ರೊದಿಂದ ದೇಯಾನ್ ಸಾವಿಚೆವಿಚ್, ಮ್ಯಾಸಿಡೋನಿಯಾದಿಂದ ದಾರ್ಕೊ ಪಾಂಚೆವ್. ಅದೇ ವರ್ಷ ರೊಮೇನಿಯಾದಿಂದ ಗಡಿ ದಾಟಿ ಬಂದು ಮತ್ತೆ ವಾಪಸ್ ಹೋಗದವನು ಮಿಯೊದ್ರಾಗ್ ಬೆಲೊಡೆಡಿಚ್. ಅಲ್ಲಿ ಚೌಶೆಸ್ಕು ಆಡಳಿತ, ಇವನ ಮನೆತನ ರೊಮೇನಿಯಾದೊಳಗಿನ ಸರ್ಬ್ ಅಲ್ಪಸಂಖ್ಯಾತರದು. ಸ್ಟೆಯಾವಾ ಬುಕಾರೆಸ್ಟ್ ಪರ 1986ರಲ್ಲಿ ಆಗಲೇ ಒಂದು ಯುರೋಪಿಯನ್ ಕಪ್ ಗೆದ್ದಿದ್ದ. 1990ರ ಕೊನೆಗೆ ಬಂದವನು ಸಿನಿಶಾ ಮಿಹಾಯ್ಲೊವಿಚ್, ಹುಟ್ಟಿದ್ದು ಕ್ರೊಯೇಷಿಯಾದ ವುಕೊವಾರ್‌ನಲ್ಲಿ. ಅಪ್ಪ ಸರ್ಬ್, ಅಮ್ಮ ಕ್ರೊಯಾಟ್. ಡಿಫೆನ್ಸಿನಲ್ಲಿ ಮ್ಯಾಸಿಡೋನಿಯಾದ ನಾಯ್ದೋಸ್ಕಿ, ಮುಸ್ಲಿಂ ಮನೆಯ ಶಬನಾಜೊವಿಚ್.

ಇಷ್ಟು ಜನರನ್ನ ಒಂದೇ ಕಡೆ ಹಿಡಿದಿಟ್ಟುಕೊಳ್ಳೋಕೆ ಹೇಗೆ ಸಾಧ್ಯ ಆಯ್ತು ಅಂತ ಕೇಳಬಹುದು. ಇವತ್ತಾಗಿದ್ರೆ ಹದಿನೆಂಟು ತುಂಬೋ ಮೊದಲೇ ಏಜೆಂಟರು ಬಂದು ಎತ್ತಿಕೊಂಡು ಹೋಗ್ತಿದ್ರು. ಆಗ ಯುಗೊಸ್ಲಾವ್ ಆಟಗಾರರು ಒಂದು ವಯಸ್ಸು ದಾಟೋವರೆಗೆ ಹೊರದೇಶಕ್ಕೆ ಹೋಗದಂತೆ ಬಹಳ ವರ್ಷ ನಿಯಮವಿತ್ತು. ಅದು ಸಡಿಲವಾದ ಮೇಲೂ ಇಟಲಿಯಂಥ ಲೀಗ್‌ಗಳಲ್ಲಿ ಒಂದು ತಂಡಕ್ಕೆ ಮೂರೇ ವಿದೇಶಿಯರು ಅನ್ನೋ ಮಿತಿ. ಆ ಮಿತಿಗಳನ್ನ ಉರುಳಿಸಿದ ಬೊಸ್ಮನ್ ತೀರ್ಪು ಬಂದದ್ದು 1995ರಲ್ಲಿ. ನನ್ನ ಪ್ರಕಾರ ರೆಡ್ ಸ್ಟಾರ್‌ನಂಥ ಇನ್ನೊಂದು ತಂಡ ಮತ್ತೆ ಹುಟ್ಟದೇ ಇರೋದಕ್ಕೆ ಯುದ್ಧದಷ್ಟೇ ಈ ತೀರ್ಪೂ ಕಾರಣ. ಈ ವಿಷಯಕ್ಕೆ ಇನ್ನೊಂದು ದಿನ ಬರೋಣ.

ಯೋಜನೆ ಸಲೀಸಾಗೇನೂ ಸಾಗಲಿಲ್ಲ. 1988ರ ನವೆಂಬರಿನಲ್ಲಿ ಬೆಲ್‌ಗ್ರೇಡಿಗೆ ಎ.ಸಿ. ಮಿಲಾನ್ ಬಂತು, ಗುಲಿಟ್-ವಾನ್ ಬಾಸ್ಟನ್ ಇದ್ದ ಮಿಲಾನ್. ಮೊದಲ ಪಂದ್ಯ 1-1 ಆಗಿತ್ತು. ಬೆಲ್‌ಗ್ರೇಡಿನಲ್ಲಿ ಸಾವಿಚೆವಿಚ್ ಗೋಲು ಹೊಡೆದು ರೆಡ್ ಸ್ಟಾರ್ ಮುಂದಿತ್ತು, ಮಿಲಾನಿನ ಒಬ್ಬ ಆಟಗಾರ ಕೆಂಪು ಕಾರ್ಡ್ ತಿಂದು ಹೊರಗೆ ಹೋಗಿದ್ದ. ಅಷ್ಟರಲ್ಲಿ ಮಂಜು ಇಳೀತು. ಎಂಥ ಮಂಜು ಅಂದ್ರೆ ಚೆಂಡು ಎಲ್ಲಿದೆ ಅಂತಾನೇ ಕಾಣದ ಹಾಗೆ. ರೆಫರಿ ಪಂದ್ಯ ನಿಲ್ಲಿಸಿದ್ರು, ನಿಯಮದ ಪ್ರಕಾರ ಮಾರನೇ ದಿನ ಮೊದಲಿಂದ ಆಟ. ಅದೂ 1-1 ಆಗಿ ಪೆನಾಲ್ಟಿಯಲ್ಲಿ ಮಿಲಾನ್ ಗೆದ್ದಿತು. ಆ ವರ್ಷ ಕಪ್ ಎತ್ತಿದ್ದೂ ಮಿಲಾನೇ. ಬೆಲ್‌ಗ್ರೇಡಿನವರು ಆ ಮಂಜನ್ನ ಇವತ್ತಿಗೂ ಬೈತಾರೆ.

ಈಗ 1990ಕ್ಕೆ ಬರೋಣ. ಮೇ 13ರಂದು ಜಾಗ್ರೆಬ್‌ನ ಮಾಕ್ಸಿಮಿರ್ ಕ್ರೀಡಾಂಗಣದಲ್ಲಿ ಡೈನಾಮೊ ಮತ್ತು ರೆಡ್ ಸ್ಟಾರ್ ಲೀಗ್ ಪಂದ್ಯ. ಕ್ರೊಯೇಷಿಯಾದಲ್ಲಿ ಆಗಷ್ಟೇ ಬಹುಪಕ್ಷ ಚುನಾವಣೆ ಮುಗಿದು ಟುಜ್ಮನ್ ಅವರ ರಾಷ್ಟ್ರವಾದಿ ಪಕ್ಷ ಗೆದ್ದಿತ್ತು. ಪಂದ್ಯ ನಡೀಲೇ ಇಲ್ಲ. ಎರಡೂ ಕಡೆಯ ಅಭಿಮಾನಿಗಳು ಕುರ್ಚಿ ಕಿತ್ತು ಬಡಿದಾಡಿದ್ರು, ಪೊಲೀಸರ ಲಾಠಿ, ಅಶ್ರುವಾಯು. ಅಭಿಮಾನಿಯೊಬ್ಬನನ್ನ ಹೊಡೀತಿದ್ದ ಪೊಲೀಸನಿಗೆ ಡೈನಾಮೊದ ಜ್ವೊನಿಮಿರ್ ಬೊಬಾನ್ ಹಾರಿ ಒದ್ದ ದೃಶ್ಯ ನೀವು ಎಲ್ಲಾದ್ರೂ ನೋಡೇ ಇರ್ತೀರಿ. ಆ ಒದೆತಕ್ಕೆ ಬೊಬಾನ್ 1990ರ ವಿಶ್ವಕಪ್ ಕಳ್ಕೊಂಡ. "ಯುಗೊಸ್ಲಾವ್ ಯುದ್ಧ ಶುರುವಾದದ್ದು ಈ ಮೈದಾನದಲ್ಲಿ" ಅಂತ ಬರೆಯೋ ಚಾಳಿ ಪತ್ರಕರ್ತರಿಗಿದೆ. ಅದು ಉತ್ಪ್ರೇಕ್ಷೆ. ಯುದ್ಧ ಶುರು ಮಾಡಿದ್ದು ರಾಜಕಾರಣಿಗಳು, ಮೈದಾನದಲ್ಲಿ ಕಾಣಿಸಿದ್ದು ಅದರ ಬಿಸಿ. ಆದ್ರೆ ಒಂದು ಮಾತು ನಿಜ: ರೆಡ್ ಸ್ಟಾರ್ ಅಭಿಮಾನಿಗಳ ಗುಂಪಿಗೆ ನಾಯಕನಾಗಿದ್ದ ಆರ್ಕಾನ್, ಅಂದ್ರೆ ಜೆಲ್ಯ್ಕೊ ರಾಜ್‌ನಾಟೊವಿಚ್, ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಖಾಸಗಿ ಸೇನೆ ಕಟ್ಟಿದ. ಸ್ಟೇಡಿಯಮ್ಮಿನ ಹುಡುಗರೇ ಅದಕ್ಕೆ ಸೈನಿಕರಾದ್ರು. ಯುದ್ಧಾಪರಾಧಗಳಿಗಾಗಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಆರೋಪ ಹೊರಿಸಿತು; ವಿಚಾರಣೆಗೆ ಮೊದಲೇ, 2000ದ ಜನವರಿಯಲ್ಲಿ, ಬೆಲ್‌ಗ್ರೇಡಿನ ಹೋಟೆಲೊಂದರಲ್ಲಿ ಯಾರೋ ಗುಂಡಿಟ್ಟು ಕೊಂದರು.

ಇಂಥ ವಾತಾವರಣದಲ್ಲಿ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಕಪ್ ಶುರುವಾಯ್ತು. ಹೊಸ ಕೋಚ್ ಲ್ಯುಪ್ಕೊ ಪೆಟ್ರೊವಿಚ್. ಹಿಂದೆ ವೊಯ್ವೊದಿನಾ ಅನ್ನೋ ತಂಡವನ್ನ 1989ರಲ್ಲಿ ಲೀಗ್ ಚಾಂಪಿಯನ್ ಮಾಡಿದ್ದವರು. ಮೊದಲ ಸುತ್ತಿನಲ್ಲಿ ಸ್ವಿಟ್ಜರ್‌ಲೆಂಡಿನ ಗ್ರಾಸ್‌ಹಾಪರ್. ತವರಲ್ಲಿ 1-1, ಅಲ್ಲಿ ಹೋಗಿ 4-1. ಎರಡನೇ ಸುತ್ತಿನಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್. ಬೆಲ್‌ಗ್ರೇಡಿನಲ್ಲಿ 3-0, ಗ್ಲಾಸ್ಗೊದಲ್ಲಿ 1-1. ಇಷ್ಟು ಹೊತ್ತಿಗೆ ಈ ತಂಡದ ಆಟದ ಬಗೆ ಯುರೋಪಿಗೆ ಗೊತ್ತಾಯ್ತು: ಎದುರಾಳಿಗಳನ್ನ ಮುಂದೆ ಬರೋಕೆ ಬಿಟ್ಟು, ಚೆಂಡು ಸಿಕ್ಕ ಕೂಡಲೇ ಪ್ರೊಸಿನೆಚ್ಕಿಯ ಒಂದು ಪಾಸ್, ಬಲಗಡೆ ಬಿನಿಚ್‌ನ ಓಟ, ಪಾಂಚೆವ್‌ನ ಗೋಲು.

ಕ್ವಾರ್ಟರ್‌ಫೈನಲ್ ಎದುರಾಳಿ ಡೈನಾಮೊ ಡ್ರೆಸ್ಡೆನ್. ಇದನ್ನ ಸ್ವಲ್ಪ ನಿಂತು ನೋಡಬೇಕು. ಡ್ರೆಸ್ಡೆನ್ ಟೂರ್ನಿಗೆ ಬಂದದ್ದು ಪೂರ್ವ ಜರ್ಮನಿಯ ಚಾಂಪಿಯನ್ ಆಗಿ. ಆದರೆ 1990ರ ಅಕ್ಟೋಬರ್ 3ಕ್ಕೆ ಪೂರ್ವ ಜರ್ಮನಿ ಅನ್ನೋ ದೇಶವೇ ಮುಗೀತು. 1991ರ ಮಾರ್ಚಿನಲ್ಲಿ ರೆಡ್ ಸ್ಟಾರ್ ಎದುರು ಆಡಿದ್ದು ಇಲ್ಲದ ದೇಶದ ಚಾಂಪಿಯನ್. ಬೆಲ್‌ಗ್ರೇಡಿನಲ್ಲಿ 3-0 ಸೋತು, ಡ್ರೆಸ್ಡೆನ್‌ನಲ್ಲಿ 2-1 ಹಿಂದೆ ಬಿದ್ದಾಗ ಅವರ ಅಭಿಮಾನಿಗಳು ಮೈದಾನಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಪಂದ್ಯ ನಿಂತುಹೋಯ್ತು. ರೆಡ್ ಸ್ಟಾರ್‌ಗೆ 3-0 ಗೆಲುವು ಕೊಟ್ರು.

ಅದೇ ಸುತ್ತಿನಲ್ಲಿ ಇನ್ನೂ ಒಂದು ವಿಚಿತ್ರ. ಮಾರ್ಸೇ ಊರಲ್ಲಿ ಮಿಲಾನ್ ಸೋಲೋ ಹಂತದಲ್ಲಿತ್ತು, ಕೊನೇ ಗಳಿಗೆಯಲ್ಲಿ ಫ್ಲಡ್‌ಲೈಟ್ ಕೈಕೊಡ್ತು. ಸ್ವಲ್ಪ ಹೊತ್ತಿಗೆ ದೀಪ ಬಂದ್ರೂ ಮಿಲಾನಿನವರು ಮತ್ತೆ ಆಡಲ್ಲ ಅಂತ ಕೂತುಬಿಟ್ರು. ಮಂಜು ಕಾಪಾಡಿದ ಹಾಗೆ ಕತ್ತಲೂ ಕಾಪಾಡುತ್ತೆ ಅಂದ್ಕೊಂಡಿದ್ರೋ ಏನೋ. ಯುಯೆಫಾ ಒಪ್ಪಲಿಲ್ಲ; ಮಾರ್ಸೇಗೆ ಗೆಲುವು, ಮಿಲಾನಿಗೆ ಒಂದು ವರ್ಷ ಯುರೋಪಿನಿಂದ ನಿಷೇಧ. ಇನ್ನೊಂದು ಕಡೆ ಸ್ಪಾರ್ಟಕ್ ಮಾಸ್ಕೊ. ಮರಡೋನಾ ಇದ್ದ ನಾಪೊಲಿಯನ್ನ ಪೆನಾಲ್ಟಿಯಲ್ಲಿ, ಆಮೇಲೆ ರಿಯಲ್ ಮ್ಯಾಡ್ರಿಡ್ಡನ್ನ ಅವರ ಮನೆಯಲ್ಲೇ 3-1 ಸೋಲಿಸಿ ಸೆಮಿಫೈನಲ್ಲಿಗೆ ಬಂದಿತ್ತು. ಮಾರ್ಸೇ ಅವರನ್ನ ಅಲ್ಲಿಗೆ ತಡೀತು. ಆ ವರ್ಷದ ಡಿಸೆಂಬರಿಗೆ ಸೋವಿಯತ್ ಒಕ್ಕೂಟವೂ ಇರಲಿಲ್ಲ. ಒಂದೇ ಟೂರ್ನಿಯ ಕೊನೇ ಎಂಟರಲ್ಲಿ ಮೂರು ತಂಡ, ಮೂರರ ದೇಶವೂ ಭೂಪಟದಿಂದ ಹೋಯ್ತು.

ಸೆಮಿಫೈನಲ್ಲೇ ಈ ಸೀಸನ್ನಿನ ನಿಜವಾದ ಫೈನಲ್ ಅಂತ ನಾನು ಹೇಳೋದು. ಎದುರಾಳಿ ಬಯರ್ನ್ ಮ್ಯೂನಿಕ್, ಕೋಚ್ ಯುಪ್ ಹೈಂಕೆಸ್. ಏಪ್ರಿಲ್ 10, ಮ್ಯೂನಿಕ್. ಬಯರ್ನ್ ಮೊದಲು ಗೋಲು ಹೊಡೀತು. ವಿರಾಮಕ್ಕೆ ಸ್ವಲ್ಪ ಮುಂಚೆ ರೆಡ್ ಸ್ಟಾರ್ ತನ್ನ ಅರ್ಧದಿಂದ ಕೆಲವೇ ಸ್ಪರ್ಶಗಳಲ್ಲಿ ಚೆಂಡನ್ನ ಆ ತುದಿಗೆ ಮುಟ್ಟಿಸಿತು, ಬಿನಿಚ್ ಬಲಗಡೆಯಿಂದ ಕೊಟ್ಟದ್ದನ್ನ ಪಾಂಚೆವ್ ಒಳಗೆ ಹಾಕಿದ. ಯೂಟ್ಯೂಬಲ್ಲಿದೆ, ಈ ಒಂದು ಗೋಲನ್ನಾದ್ರೂ ನೋಡಿ. ಎರಡನೇ ಅರ್ಧದಲ್ಲಿ ಸಾವಿಚೆವಿಚ್ ಒಬ್ಬನೇ ಓಡಿ ಎರಡನೇ ಗೋಲು. 2-1.

ಎರಡು ವಾರ ಬಿಟ್ಟು ಬೆಲ್‌ಗ್ರೇಡಿನಲ್ಲಿ, ಸುಮಾರು 80 ಸಾವಿರ ಜನರ ಮುಂದೆ, ಮಿಹಾಯ್ಲೊವಿಚ್‌ನ ಫ್ರೀ ಕಿಕ್ಕಿನಿಂದ 1-0. ಮುಗೀತು ಅಂತ ಎಲ್ಲರೂ ಅಂದ್ಕೊಂಡ್ರು. ಎರಡನೇ ಅರ್ಧದಲ್ಲಿ ಬಯರ್ನ್ ನಾಯಕ ಔಗೆನ್‌ಥಾಲರ್ ಹೊಡೆದ ಫ್ರೀ ಕಿಕ್ ಗೋಲ್‌ಕೀಪರ್ ಸ್ಟೊಯಾನೊವಿಚ್ ಮೈಕೆಳಗೆ ನುಸುಳಿ ಒಳಗೆ ಹೋಯ್ತು. ಐದೇ ನಿಮಿಷಕ್ಕೆ ಬೆಂಡರ್ ಇನ್ನೊಂದು ಹೊಡೆದ. ಈಗ ಲೆಕ್ಕ 3-3, ಪರವೂರಿನ ಗೋಲೂ ಇಬ್ಬರದೂ ಎರಡೆರಡು. ಹೆಚ್ಚುವರಿ ಸಮಯಕ್ಕೆ ಹೋಗೋದು ಖಾತ್ರಿ ಅನ್ನೋವಾಗ, 90ನೇ ನಿಮಿಷದಲ್ಲಿ ಎಡಗಡೆಯಿಂದ ಮಿಹಾಯ್ಲೊವಿಚ್ ಹಾಕಿದ ಕ್ರಾಸ್ ಅದೇ ಔಗೆನ್‌ಥಾಲರ್ ಕಾಲಿಗೆ ತಾಗಿ ಮೇಲೆ ಚಿಮ್ಮಿ, ಗೋಲ್‌ಕೀಪರ್ ಔಮನ್ ಕೈ ಸವರಿಕೊಂಡು ಬಲೆಯೊಳಗೆ ಬಿತ್ತು. ವಿಶ್ವಕಪ್ ಗೆದ್ದು ವರ್ಷ ಆಗಿರದ ಆಟಗಾರ, ಒಂದೇ ಪಂದ್ಯದಲ್ಲಿ ತನ್ನ ತಂಡವನ್ನ ಎಬ್ಬಿಸಿದ್ದೂ ಅವನೇ, ಬೀಳಿಸಿದ್ದೂ ಅವನೇ.

ಫೈನಲ್ಲಿಗೆ ಐದು ವಾರ ಇತ್ತು. ಆ ಐದು ವಾರದಲ್ಲಿ ಮೈದಾನದ ಹೊರಗೆ ಏನೇನಾಯ್ತು ನೋಡಿ. ಮೇ 2ರಂದು ಬೊರೊವೊ ಸೆಲೊ ಅನ್ನೋ ಹಳ್ಳಿಯಲ್ಲಿ ಸರ್ಬ್ ಶಸ್ತ್ರಧಾರಿಗಳ ಗುಂಡಿಗೆ 12 ಕ್ರೊಯೇಷಿಯನ್ ಪೊಲೀಸರು ಸತ್ತರು. ಬೊರೊವೊ, ಮಿಹಾಯ್ಲೊವಿಚ್ ಬೆಳೆದ ಊರಿನ ಕಡೆಯದು. ಆರು ದಿನ ಬಿಟ್ಟು, ಮೇ 8ಕ್ಕೆ, ಬೆಲ್‌ಗ್ರೇಡಿನಲ್ಲಿ ಯುಗೊಸ್ಲಾವ್ ಕಪ್ ಫೈನಲ್: ರೆಡ್ ಸ್ಟಾರ್ ಎದುರಿಗೆ ಕ್ರೊಯೇಷಿಯಾದ ಹಾಯ್ದುಕ್ ಸ್ಪ್ಲಿಟ್. ಹಾಯ್ದುಕ್ 1-0 ಗೆದ್ದಿತು. ಆದರೆ ಜನ ನೆನಪಿಟ್ಟುಕೊಂಡದ್ದು ಮಿಹಾಯ್ಲೊವಿಚ್ ಮತ್ತು ಹಾಯ್ದುಕ್‌ನ ಇಗೊರ್ ಸ್ಟಿಮಾಕ್ ನಡುವಿನ ಜಗಳವನ್ನ. ಇಬ್ಬರಿಗೂ ಕೆಂಪು ಕಾರ್ಡ್. ಮಿಹಾಯ್ಲೊವಿಚ್ ಹೇಳಿದ ಪ್ರಕಾರ ಸ್ಟಿಮಾಕ್ ಅವನ ಮನೆಯವರ ಸಾವು ಬಯಸಿ ಮಾತಾಡಿದ್ದ. ಸ್ಟಿಮಾಕ್ ಅದನ್ನ ಒಪ್ಪಿಲ್ಲ. ಇಬ್ಬರೂ ಅದನ್ನ ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ರು. ಕ್ರೊಯೇಷಿಯಾ, ಸ್ಲೊವೇನಿಯಾದ ತಂಡಗಳು ಆಡಿದ ಕಡೆಯ ಯುಗೊಸ್ಲಾವ್ ಕಪ್ ಅದು.

ಹೌದು, ಅದೇ ಇಗೊರ್ ಸ್ಟಿಮಾಕ್. 2019ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದವರು. 2023ರಲ್ಲಿ ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ನಡೆದ ಸಾಫ್ ಚಾಂಪಿಯನ್‌ಶಿಪ್‌ನಲ್ಲಿ ಎರಡು ಸಲ ಕೆಂಪು ಕಾರ್ಡ್ ತಗೊಂಡು, ಭಾರತ ಕುವೈತನ್ನ ಪೆನಾಲ್ಟಿಯಲ್ಲಿ ಸೋಲಿಸಿದ ಫೈನಲ್ಲಿಗೆ ತಂಡದ ಜೊತೆ ನಿಲ್ಲೋಕೂ ಆಗಲಿಲ್ಲ. ಅವತ್ತು ಕಂಠೀರವದಲ್ಲಿ ಕೂತು ಇವರ ಸಿಟ್ಟು ನೋಡಿ ನಕ್ಕವರಿಗೆ ಈ ಹಳೇ ಲೆಕ್ಕ ಗೊತ್ತಿತ್ತೋ ಇಲ್ವೋ.

ಸರಿ, ಫೈನಲ್. ಮೇ 29, ಇಟಲಿಯ ಬಾರಿ ನಗರದ ಸಾನ್ ನಿಕೊಲಾ ಕ್ರೀಡಾಂಗಣ. ಎದುರಿಗೆ ಮಾರ್ಸೇ: ಪಾಪಿನ್, ಕ್ರಿಸ್ ವಾಡ್ಲ್, ಅಬೆದಿ ಪೆಲೆ. ಯುರೋಪಿನ ಎರಡು ಅತ್ಯಂತ ಚಂದದ ದಾಳಿಯ ತಂಡಗಳು, ಗೋಲುಗಳ ಮಳೆ ಆಗುತ್ತೆ ಅಂತ ಲೋಕ ಕಾದು ಕೂತಿತ್ತು. ಆದದ್ದು 120 ನಿಮಿಷ, 0-0. ಯಾಕೆ? ಪೆಟ್ರೊವಿಚ್ ಪಂದ್ಯದ ದಿನ ಆಟಗಾರರಿಗೆ ಹೇಳಿದ್ದು ಇಷ್ಟು: ನಾವು ದಾಳಿಗೆ ಹೋದ್ರೆ ಹಿಂದೆ ಜಾಗ ಬಿಡ್ತೀವಿ, ಅವರಿಗೆ ಅದೇ ಬೇಕು. ಹಾಗಾದ್ರೆ ಚೆಂಡು ಸಿಕ್ಕಾಗ ಏನ್ಮಾಡೋದು ಅಂತ ಕೇಳಿದ್ದಕ್ಕೆ, ವಾಪಸ್ ಅವರಿಗೇ ಕೊಡಿ ಅಂದ್ರಂತೆ. ಮಿಹಾಯ್ಲೊವಿಚ್ಚೇ ಆಮೇಲೆ ಇದನ್ನ ನೀರಸ ಫೈನಲ್ ಅಂತ ಹೇಳಿಕೊಂಡಿದ್ದಾನೆ. ಅಷ್ಟು ಒಳ್ಳೆ ತಂಡ ಅಷ್ಟು ಕೆಟ್ಟದಾಗಿ ಆಡಿದ್ದನ್ನ ನಾನಂತೂ ಸಮರ್ಥಿಸಲ್ಲ. ಆದರೆ ಪೆಟ್ರೊವಿಚ್ ಲೆಕ್ಕಾಚಾರದ ಹಿಂದೆ ಒಂದು ಗುಟ್ಟಿತ್ತು.

ಯುಗೊಸ್ಲಾವ್ ಲೀಗ್‌ನಲ್ಲಿ 1988ರಿಂದ ಒಂದು ವಿಶೇಷ ನಿಯಮ. ಪಂದ್ಯ ಡ್ರಾ ಆದ್ರೆ ಎರಡೂ ತಂಡಕ್ಕೆ ಪಾಯಿಂಟ್ ಹಂಚೋದಿಲ್ಲ. ಪೆನಾಲ್ಟಿ ಹೊಡೀಬೇಕು, ಅದರಲ್ಲಿ ಗೆದ್ದವರಿಗೆ ಒಂದು ಪಾಯಿಂಟ್, ಸೋತವರಿಗೆ ಸೊನ್ನೆ. ಅಂದ್ರೆ ಉಳಿದ ಯುರೋಪಿಗೆ ಪೆನಾಲ್ಟಿ ಶೂಟೌಟ್ ಅನ್ನೋದು ವರ್ಷಕ್ಕೊಮ್ಮೆ ಬರೋ ಗಂಡಾಂತರ, ಇವರಿಗೆ ಭಾನುವಾರದ ಮಾಮೂಲು ಕೆಲಸ. ಪ್ರೊಸಿನೆಚ್ಕಿ ಹೊಡೆದ, ಗೋಲು. ಮಾರ್ಸೇಯ ಮೊದಲನೆಯವ ಮಾನ್ಯುಯೆಲ್ ಅಮೊರೊಸ್ ಹೊಡೆದದ್ದನ್ನ ಸ್ಟೊಯಾನೊವಿಚ್ ತಡೆದ, ಬಯರ್ನ್ ಎದುರು ಕಾಲ್ಕೆಳಗೆ ಬಿಟ್ಟಿದ್ದನಲ್ಲ, ಅವನೇ. ಆಮೇಲೆ ಬಿನಿಚ್, ಬೆಲೊಡೆಡಿಚ್, ಮಿಹಾಯ್ಲೊವಿಚ್, ಕೊನೆಗೆ ಪಾಂಚೆವ್. ಐದಕ್ಕೆ ಐದು. 5-3.

ಮಾರ್ಸೇ ಬೆಂಚಿನಲ್ಲಿ ಇನ್ನೊಬ್ಬನಿದ್ದ: ದ್ರಾಗಾನ್ ಸ್ಟೊಯ್ಕೊವಿಚ್. ರೆಡ್ ಸ್ಟಾರ್ ಯೋಜನೆಯ ಮೊದಲ ಹೆಸರು, 1990ರಲ್ಲಷ್ಟೇ ಮಾರ್ಸೇಗೆ ಹೋದವನು. ಹೆಚ್ಚುವರಿ ಸಮಯ ಮುಗಿಯೋಕೆ ಕೆಲವೇ ನಿಮಿಷ ಇದ್ದಾಗ ಅವನನ್ನ ಇಳಿಸಿದ್ರು. ಪೆನಾಲ್ಟಿ ಹೊಡಿ ಅಂದ್ರೆ ಒಪ್ಪಲಿಲ್ಲ. ನನ್ನ ಹಳೇ ತಂಡದ ವಿರುದ್ಧ ಹೊಡೆಯೋಕೆ ನನ್ನಿಂದಾಗಲ್ಲ ಅಂತ.

ಜೂನ್ 25ಕ್ಕೆ ಸ್ಲೊವೇನಿಯಾ, ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿದವು. ನವೆಂಬರಿನಲ್ಲಿ ವುಕೊವಾರ್ ಬಿತ್ತು, ತಿಂಗಳುಗಟ್ಟಲೆ ಶೆಲ್ ದಾಳಿಯಲ್ಲಿ ಊರಿಗೆ ಊರೇ ಪುಡಿಯಾಗಿತ್ತು. ಮಿಹಾಯ್ಲೊವಿಚ್ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದು: ಅವನ ಸೋದರಮಾವ ಕ್ರೊಯೇಷಿಯಾ ಸೇನೆಯ ಕಡೆ ಇದ್ದವರು, ಆರ್ಕಾನ್‌ನ ಜನರ ಕೈಗೆ ಸಿಕ್ಕಿಬಿದ್ದಾಗ ಅವರ ಹತ್ತಿರ ಇವನ ಫೋನ್ ನಂಬರ್ ಇತ್ತು. ಆರ್ಕಾನ್ ಫೋನ್ ಮಾಡಿ ವಿಚಾರಿಸಿದ, ಹಾಗಾಗಿ ಮಾವ ಬದುಕಿದ್ರು. ಅಂಥ ಮನುಷ್ಯನ ಜೊತೆಗಿನ ಸ್ನೇಹವನ್ನ ಮಿಹಾಯ್ಲೊವಿಚ್ ಕೊನೆವರೆಗೂ ಅಲ್ಲಗಳೆಯಲಿಲ್ಲ. ಅದಕ್ಕಾಗಿ ಇಟಲಿಯಲ್ಲಿ ಸಾಕಷ್ಟು ಬೈಸಿಕೊಂಡ. 2022ರ ಡಿಸೆಂಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ.

ತಂಡ ಡಿಸೆಂಬರಿನಲ್ಲಿ ಟೋಕಿಯೊಗೆ ಹೋಗಿ ಚಿಲಿಯ ಕೊಲೊ-ಕೊಲೊವನ್ನ 3-0 ಸೋಲಿಸಿ ವಿಶ್ವ ಕ್ಲಬ್ ಚಾಂಪಿಯನ್ ಆಯ್ತು. ಆದ್ರೆ ಕಪ್ ಉಳಿಸಿಕೊಳ್ಳೋ ಸೀಸನ್ನಿನಲ್ಲಿ ತವರಿನ ಪಂದ್ಯಗಳನ್ನೆಲ್ಲ ಹಂಗೇರಿ, ಬಲ್ಗೇರಿಯಾದಲ್ಲಿ ಆಡಬೇಕಾಯ್ತು, ಬೆಲ್‌ಗ್ರೇಡಿಗೆ ಯಾರೂ ಬರೋ ಹಾಗಿರಲಿಲ್ಲ. ಹಾಗಿದ್ರೂ ಗ್ರೂಪಿನಲ್ಲಿ ಸಾಂಪ್‌ದೋರಿಯಾ ನಂತರ ಎರಡನೇ ಸ್ಥಾನ. 1992ರ ಮೇ ಕೊನೆಗೆ ವಿಶ್ವಸಂಸ್ಥೆಯ ನಿರ್ಬಂಧ ಬಂತು. ಯೂರೊ 92ರಿಂದ ಯುಗೊಸ್ಲಾವಿಯಾ ಹೊರಬಿತ್ತು. ಅದರ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು.

ಆಟಗಾರರು ಚೆಲ್ಲಾಪಿಲ್ಲಿ. ಪ್ರೊಸಿನೆಚ್ಕಿ ರಿಯಲ್ ಮ್ಯಾಡ್ರಿಡ್‌ಗೆ, ಸಾವಿಚೆವಿಚ್ ಮಿಲಾನಿಗೆ, ಪಾಂಚೆವ್ ಇಂಟರ್‌ಗೆ, ಯುಗೊವಿಚ್ ಸಾಂಪ್‌ದೋರಿಯಾಗೆ, ಮಿಹಾಯ್ಲೊವಿಚ್ ರೋಮಾಗೆ, ಬೆಲೊಡೆಡಿಚ್ ವಲೆನ್ಸಿಯಾಗೆ. ಸಾವಿಚೆವಿಚ್ 1994ರ ಫೈನಲ್ಲಿನಲ್ಲಿ ಬಾರ್ಸಿಲೋನಾ ವಿರುದ್ಧ ಹೊಡೆದ ಗೋಲು, 1996ರ ಫೈನಲ್ಲಿನಲ್ಲಿ ಯುವೆಂಟಸ್ ಪರ ಯುಗೊವಿಚ್ ಹೊಡೆದ ಗೆಲುವಿನ ಪೆನಾಲ್ಟಿ, ಎರಡೂ ಈ ತಂಡದ ಬೀಜವೇ. ಪ್ರೊಸಿನೆಚ್ಕಿ 1990ರ ವಿಶ್ವಕಪ್‌ನಲ್ಲಿ ಯುಗೊಸ್ಲಾವಿಯಾ ಪರ, 1998ರಲ್ಲಿ ಕ್ರೊಯೇಷಿಯಾ ಪರ ಗೋಲು ಹೊಡೆದ. ಆ ಕ್ರೊಯೇಷಿಯಾ ತಂಡದಲ್ಲಿ ಅವನ ಜೊತೆ ಬೊಬಾನ್, ಶುಕೆರ್, ಸ್ಟಿಮಾಕ್ ಇದ್ರು, ಕೋಚ್ ಆಗಿದ್ದವರು ಚಿರೊ ಬ್ಲಾಜೆವಿಚ್. ಡಿಪ್ಲೊಮಾ ತಿಂದ ಬಗ್ಗೆ ವರದಿ ಇಲ್ಲ.

ಪಾಂಚೆವ್ ಕತೆ ಹೇಳಿ ಮುಗಿಸ್ತೇನೆ. 1990-91ರ ಲೀಗ್‌ನಲ್ಲಿ 34 ಗೋಲು ಹೊಡೆದು ಯುರೋಪಿನಲ್ಲೇ ಎಲ್ಲರಿಗಿಂತ ಮುಂದಿದ್ದ. ಅದಕ್ಕೆ ಕೊಡೋ ಗೋಲ್ಡನ್ ಬೂಟ್, ಬೇರೆ ದೇಶಗಳ ಲೀಗ್ ಲೆಕ್ಕಗಳ ತಕರಾರಿನಿಂದಾಗಿ ಆಗ ಅಧಿಕೃತವಾಗಿ ಕೊಡ್ತಾ ಇರಲಿಲ್ಲ. ಅವನ ಕೈಗೆ ಅದು ಸಿಕ್ಕಿದ್ದು 2006ರಲ್ಲಿ. ಅಷ್ಟರಲ್ಲಿ ಅವನು ಆಟ ಬಿಟ್ಟು ವರ್ಷಗಳಾಗಿದ್ದವು, ಊರು ಸ್ಕೋಪ್ಯೆ ಬೇರೆ ದೇಶದ ರಾಜಧಾನಿಯಾಗಿತ್ತು.